ಎರಡೂವರೆ ಅಡಿಯ ಹೆಜ್ಜೆ

ರಸ್ತೆಯಲ್ಲಿ ನಡೆಯುವಾಗ ಅವರ ತುಟಿಗಳು ಸದಾ ಅಲುಗುತ್ತಿದ್ದವು. ನಿಡಗುಂದಿಯ ಜನ ಅದನ್ನು ನಾಮಜಪ ಎಂದುಕೊಂಡಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಮನೆಯಲ್ಲಿ ಮರಾಠಿ ಕಲೆತ ಕನ್ನಡ, ಏಕಾದಶಿಗೆ ಹನಿ ನೀರೂ ಇಲ್ಲದ ಉಪವಾಸ. ಅಂಥವರ ತುಟಿ ಅಲುಗಿದರೆ ಇನ್ನೇನೆಂದು ತಿಳಿಯಬೇಕು? ನಾನೂ ಹಾಗೇ ತಿಳಿದಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಜಪಾ ಎಲ್ಲೀದೋ ತಮ್ಮಾ, ಹೆಜ್ಜಿ ಎಣಸ್ಲಿಕ್ಕತ್ತೀನಿ," ಅಂದರು. "ನಮ್ಮ ಮನೀಯಿಂದ ನಿನ್ನ ಅಂಗಡಿಗೆ ಆರನೂರಾ ಹನ್ನೆರಡು. ಇವತ್ತ ಹದಿನಾಲ್ಕು ಆತು. ಗಟಾರದ ಕೆಲಸ ನಡದದಲ್ಲಾ, ಸುತ್ತ ಹಾಕಿ ಬಂದೆ."

ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಊರಿಗೆಲ್ಲ ಕಾಕಾ, ನನಗೂ ಕಾಕಾ. ಇಂಡಿ ಕಡೆಯ ಮನೆತನ. ಮೀಸೆ ಮೂಡುವ ವಯಸ್ಸಿನಲ್ಲಿ ಆಲಮಟ್ಟಿಯ ಕಾಲುವೆ ಕೆಲಸಕ್ಕೆ ಸೇರಿ, ಅಳತೆಯ ಸರಪಳಿ ಎಳೆಯುತ್ತ, ಆಮೇಲೆ ಟೇಪು ಹಿಡಿಯುತ್ತ ನೌಕರಿ ಮುಗಿಸಿ, ನಿಡಗುಂದಿಯಲ್ಲೇ ಮನೆ ಮಾಡಿಕೊಂಡಿದ್ದರು. ಈ ಶ್ರಾವಣದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವವರು ಬೇಕಾದಷ್ಟು ಜನ ಸಿಕ್ಕಾರು. ನಾನು ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ.

ಅವರ ಹೆಜ್ಜೆ ಎರಡೂವರೆ ಅಡಿ. ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ರೈತರಿಗೆಲ್ಲ ಗೊತ್ತಿದ್ದ ಮಾತು. ನೇಗಿಲಿಗೋ ಟ್ರ್ಯಾಕ್ಟರಿಗೋ ಸಿಕ್ಕು ಹೊಲದ ಗಡಿಯ ಬಾಂದುಕಲ್ಲು ಕಿತ್ತುಹೋದರೆ, ಸರಕಾರಿ ಮೋಜಣಿಯ ಪಾಳಿ ಬರುವವರೆಗೆ ಕಾಯದೆ ಅಕ್ಕಪಕ್ಕದ ಹೊಲದವರು ಸೇರಿ ಕಾಕಾನನ್ನು ಕರೆಸುತ್ತಿದ್ದರು. ನಕಾಶೆಯಲ್ಲಿ ಎಷ್ಟು ಅಡಿ ಇದೆ ಎಂದು ನೋಡಿ, ಗಟ್ಟಿಯಾಗಿ ಉಳಿದಿದ್ದ ಇನ್ನೊಂದು ಕಲ್ಲಿಗೆ ಹಿಮ್ಮಡಿ ತಾಗಿಸಿ ಅವರು ನಡೆಯಲು ಶುರುಮಾಡಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ನೂರು ಹೆಜ್ಜೆಗೊಂದರಂತೆ ಹುಣಸೆಬೀಜ ಬಲಗಿಸೆಯಿಂದ ಎಡಗಿಸೆಗೆ ಹೋಗುತ್ತಿತ್ತು. ನಿಂತಲ್ಲಿ ಕಲ್ಲು ನೆಡುತ್ತಿದ್ದರು. ಆಮೇಲೆ ಎರಡು ಮಾತಿಲ್ಲ. ಟೇಪು ಯಾಕೆ ಹಿಡಿಯುವುದಿಲ್ಲವೆಂದು ನಾನು ಕೇಳಿದ್ದೆ. "ಟೇಪಿಗೆ ಎರಡ ತುದಿ ಇರ್ತಾವ. ಒಂದು ಇಂವ ಹಿಡೀತಾನ, ಒಂದು ಅಂವ. ಇಬ್ಬರೂ ಜಗ್ತಾರ," ಅಂದಿದ್ದರು.

ಇಬ್ಬರ ಮನೆಯ ಚಹವನ್ನೂ ಕಲ್ಲು ನೆಡುವವರೆಗೆ ಮುಟ್ಟುತ್ತಿರಲಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲೂ ಅಳೆಯುತ್ತಿರಲಿಲ್ಲ. ಹಸಿದವನ ಹೆಜ್ಜೆ ಸಣ್ಣದಾಗುತ್ತದೆಂದು ಅವರ ನಂಬಿಕೆ. ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಒಯ್ದು, ಬದುವಿನ ಮೇಲೆ ಕೂತು ತಿಂದು, ಕೈ ತೊಳೆದು ಏಳುತ್ತಿದ್ದರು. ಯಾರಿಂದಲೂ ದುಡ್ಡುಕಾಸು ಏನೂ ತೆಗೆದುಕೊಂಡವರಲ್ಲ.

ನನ್ನದು ಔಷಧಿ ಅಂಗಡಿ. ದಿನಕ್ಕೆ ಹತ್ತು ಮಂದಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟು "ವಾಕಿಂಗ್ ಮಾಡ್ರಿ" ಎಂದು ಬುದ್ಧಿ ಹೇಳುತ್ತಿದ್ದ ನನಗೇ ಸಕ್ಕರೆ ಬಂತು. ನಡೆದರೆ ಸಾಲದು, ಓಡು ಅಂದರು ಡಾಕ್ಟರು. ಸರಿ, ಕಾಲುವೆಯ ದಂಡೆಯ ರಸ್ತೆಯಲ್ಲಿ ಬೆಳಗಿನ ಓಟ ಶುರುವಾಯಿತು. ನನ್ನ ಸ್ವಭಾವವನ್ನು ಇಲ್ಲಿ ಹೇಳಿಬಿಡಬೇಕು. ಅಂಗಡಿಯ ಸ್ಟಾಕು ಒಂದು ಪಟ್ಟಿ ಗುಳಿಗೆಯಷ್ಟು ತಾಳೆಯಾಗದಿದ್ದರೂ ನನಗೆ ಅನ್ನ ಸೇರುವುದಿಲ್ಲ. ಓಟ ಅಳೆಯಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಸಾಲದೆಂದು ಇನ್ನೊಂದು ಹಾಕಿಕೊಂಡೆ. ಎರಡೂ ಬೇರೆಬೇರೆ ದೂರ ಹೇಳಿದವು. ಸಿಟ್ಟು ಬಂದು, ಬೂಟಿನ ಲೇಸಿಗೆ ಸಿಕ್ಕಿಸುವ ಗುಂಡಿಯಂಥ ಸೆನ್ಸರ್ ತರಿಸಿದೆ. ಅದು ಮೂರನೆಯದೇ ಹೇಳಿತು.

ಕಾಕಾ ಅದೇ ರಸ್ತೆಯಲ್ಲಿ ತುಟಿ ಅಲುಗಿಸುತ್ತ ನಡೆಯಲು ಬರುತ್ತಿದ್ದರು. ನನ್ನ ಗೋಳು ಕೇಳಿ ನಕ್ಕುಬಿಟ್ಟರು.

"ಒಂದ ಕಿಸೆದಾಗಿನ ಎರಡು ಆ್ಯಪ್ ಒಂದಕ್ಕೊಂದು ಒಪ್ಪಂಗಿಲ್ಲಾ, ಇನ್ನ ಅಣ್ಣ ತಮ್ಮರು ಹ್ಯಾಂಗ ಒಪ್ಪಬೇಕೋ?"

ಮರುದಿನ ತಮ್ಮ ಹಳೆಯ ಉಕ್ಕಿನ ಟೇಪು ಹಿಡಿದು ಬಂದರು. ನಾವಿಬ್ಬರೇ, ಮೂರು ದಿನ ಬೆಳಗ್ಗೆ ಕೂತು ಎದ್ದು, ಕಾಲುವೆಯ ತಿರುವೂ ಸೇರಿದಂತೆ ಸರಿಯಾಗಿ ಒಂದು ಕಿಲೋಮೀಟರ್ ಅಳೆದು ಎರಡೂ ಕೊನೆಗೆ ಸುಣ್ಣದ ಗುರುತು ಹಾಕಿದೆವು. ಆಮೇಲೆ ನನ್ನನ್ನು ಓಡಿಸಿದರು. ಫೋನು ಕಿಸೆಯಲ್ಲಿಟ್ಟು ಓಡು, ಕೈಯಲ್ಲಿ ಹಿಡಿದು ಓಡು, ಸೆನ್ಸರ್ ಎಡಗಾಲಿಗೆ, ಬಲಗಾಲಿಗೆ. ಫೋನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ದೂರ ಸಾರಿದಾಗಲೆಲ್ಲ ಕಾಕಾ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು, "ಹೋ ಬಾಯಿ, ಕಳಲಂ." ಆಯ್ತವ್ವಾ, ತಿಳೀತು ಅಂತ. ಓಟದ ಗೆರೆಯನ್ನು ನಕಾಶೆಯಲ್ಲಿ ನೋಡಿದಾಗ ತಿರುವಿನಲ್ಲಿ ಅದು ನೇರ ನೀರಿನ ಮೇಲೆ ಹೋಗಿತ್ತು. "ನಿನ್ನ ಫೋನಿನ ಪ್ರಕಾರ ನೀ ಇವತ್ತ ಕಾಲುವಿ ಈಸಿ ದಾಟೀದಿ ನೋಡು," ಅಂದರು.

ಸೆನ್ಸರಿನ ಗುಟ್ಟನ್ನೂ ಅವರೇ ಹಿಡಿದರು. ಅದು ಹೆಜ್ಜೆ ಎಣಿಸಿ, ನಾವು ಮೊದಲೇ ತುಂಬಿಸಿಟ್ಟ ಹೆಜ್ಜೆಯ ಉದ್ದದಿಂದ ಗುಣಿಸುತ್ತಿತ್ತು, ಅಷ್ಟೆ. ನನ್ನ ಓಟದ ಮೊದಲ ಅರ್ಧದಲ್ಲಿ ಅದು ಸರಿಯಾಗಿರುತ್ತಿತ್ತು, ಕೊನೆಕೊನೆಗೆ ದೂರವನ್ನು ಹೆಚ್ಚು ತೋರಿಸುತ್ತಿತ್ತು. ಕಾಕಾ ಎರಡು ದಿನ ಅದನ್ನೇ ನೋಡಿ ಮೂರನೆಯ ದಿನ ಹೇಳಿದರು.

"ಫೋನು ಮ್ಯಾಲಿಂದ ನೋಡ್ತದ, ಬೂಟು ಕೆಳಗಿಂದ ಎಣಸ್ತದ. ಫೋನಿಗೆ ನಿನ್ನ ಕಾಲು ಕಾಣಂಗಿಲ್ಲ, ಬೂಟಿಗೆ ರಸ್ತಾ ಕಾಣಂಗಿಲ್ಲ. ನೀ ದಣದಾಗ ನಿನ್ನ ಹೆಜ್ಜಿ ಸಣ್ಣದಾಗ್ತದ. ಬೂಟಿಗೆ ಅದೇನು ಗೊತ್ತು? ಅದು ಹಳೇ ಹೆಜ್ಜಿನ ಲೆಕ್ಕಾನ ಹಾಕ್ಕೋತ ಹೋಗ್ತದ. ಫೋನಿಗಿಂತಾ ಬೂಟು ಜಾಸ್ತಿ ಹೇಳ್ಲಿಕ್ಕತ್ತು ಅಂದ್ರ ಮನಷಾ ದಣದಾನ ಅಂತ ತಿಳಕೋ."

ಈ ಮಾತನ್ನು ನನಗೆ ಅವರೇ ಹೇಳಿಕೊಟ್ಟಿದ್ದರು. ಅದಕ್ಕೇ ಮುಂದೆ ನಡೆದದ್ದಕ್ಕೆ ನನಗೆ ಕ್ಷಮೆಯಿಲ್ಲ.

ಆ ಗುಂಡಿಯ ಮೇಲೆ ಅವರಿಗೆ ಮಗುವಿನಂಥ ಆಸೆ ಹುಟ್ಟಿತ್ತು. ನಾನು ಹೊಸದನ್ನು ತರಿಸಿಕೊಂಡು ಹಳೆಯದನ್ನು ಅವರಿಗೆ ಕೊಟ್ಟೆ. ಅವರ ಫೋನಿಗೂ ಆ್ಯಪ್ ಹಾಕಿ, ಎರಡೂವರೆ ಅಡಿಯೆಂದು ತುಂಬಿಸಿದೆ. ಸುಣ್ಣದ ಗುರುತಿನಿಂದ ಗುರುತಿಗೆ ನಡೆದರು. ನಿಧಾನದ ನಡಿಗೆಯಾದ್ದರಿಂದ ಫೋನು ತಿರುವು ತಪ್ಪಲಿಲ್ಲ, ಫೋನು ಮತ್ತು ಬೂಟು ಎರಡೂ ಒಂದೇ ದೂರ ಹೇಳಿದವು. ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ಮನೆಗೆ ಕರೆದುಕೊಂಡು ಹೋಗಿ ಹೆಂಡತಿಯ, ನಮ್ಮೆಲ್ಲರ ಕಾಕೂನ, ಕೈಯಿಂದ ಶಿರಾ ಮಾಡಿಸಿ ತಿನ್ನಿಸಿದರು. ಸಕ್ಕರೆ ಇದೆ ಎಂದು ನಾನೂ ಹೇಳಲಿಲ್ಲ. ಒಂದು ವರ್ಷ ಹಾಗೇ ನಡೆಯಿತು. ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು, ಕೊನೆಯ ಗುರುತಿನಲ್ಲಿ ಇಬ್ಬರೂ ಫೋನು ತೋರಿಸಿಕೊಳ್ಳುತ್ತಿದ್ದೆವು.

ಮುಂದಿನ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಗ್ಗೆ ಅಂಗಡಿಗೆ ಬಂದರು. ಬೂಟು ಸ್ವಲ್ಪ ಜಾಸ್ತಿ ಹೇಳುತ್ತಿದೆ ಅಂದರು. ಎಂಟು ದಿನದಿಂದ ದಿನವೂ ಅಷ್ಟೇ ಜಾಸ್ತಿ.

"ನಾ ದಣೀಲಿಕ್ಕತ್ತೀನೇನೋ ತಮ್ಮಾ?"

ಕೌಂಟರಿನ ಮುಂದೆ ನಾಲ್ಕು ಗಿರಾಕಿಗಳಿದ್ದರು. ಅವರೆದುರಿಗೆ ಆ ವಯಸ್ಸಿನ ಮನುಷ್ಯನಿಗೆ ಹೌದು, ನಿಮಗೆ ವಯಸ್ಸಾಯಿತು ಎಂದು ಹೇಗೆ ಹೇಳಲಿ? ಜೊತೆಗೆ, ತಾಳೆಯಾಗದ ಎರಡು ಅಂಕಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. "ನೀವ್ಯಾಕ ದಣೀತೀರಿ ಕಾಕಾ? ಬ್ಯಾಟರಿ ಹಳೇದಾಗೈತ್ರಿ. ತರ್ರಿ ಇಲ್ಲಿ," ಎಂದು ಅವರ ಫೋನು ತೆಗೆದುಕೊಂಡು ಹೆಜ್ಜೆಯ ಉದ್ದವನ್ನು ಒಂದಿಂಚು ಕಡಿಮೆ ಮಾಡಿಕೊಟ್ಟೆ. ಮರುದಿನ ಎರಡೂ ತಾಳೆಯಾದವು. ಕಾಕಾ ನನ್ನ ಬೆನ್ನು ತಟ್ಟಿದರು.

ಯುಗಾದಿಗೆ ಮತ್ತೆ ಬಂದರು. ಮತ್ತೆ ಅರ್ಧ ಇಂಚು ಕಡಿಮೆ ಮಾಡಿದೆ. ಕಾರಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ. ಏನು ಮಾಡಿದೆನೆಂದು ಅವರಿಗೆ ಬಿಡಿಸಿ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ನನ್ನನ್ನು ನಂಬಿದ್ದರು. ತನ್ನ ಹೆಜ್ಜೆ ತನಗೆ ತಿಳಿಯುವುದಿಲ್ಲ, ಅವರಿಗೆ ಅದು ಇನ್ನೂ ಎರಡೂವರೆ ಅಡಿಯೇ ಆಗಿತ್ತು. ಸಂಕ್ರಾಂತಿಯಿಂದ ಕಾರಹುಣ್ಣಿಮೆಯವರೆಗಿನದು ಸುಗ್ಗಿ ಮುಗಿದು ಹೊಲ ಖಾಲಿ ಇರುವ ಕಾಲ, ಗಡಿ ಅಳೆಸುವ ಕಾಲ. ಆ ಐದು ತಿಂಗಳಲ್ಲಿ ಕಾಕಾ ಏಳು ಹೊಲಗಳಲ್ಲಿ ನಡೆದು ಏಳು ಕಲ್ಲು ನೆಟ್ಟುಬಂದಿದ್ದರು. ಇದು ನನಗೆ ಗೊತ್ತಿತ್ತು. ಬಂದು ಹೇಳುತ್ತಿದ್ದರಲ್ಲ, ಎಲ್ಲಿ ಹೋಗಿದ್ದೆ, ಯಾರ ಹೊಲ, ಎಷ್ಟು ಹೆಜ್ಜೆ ಎಂದು. ಕೇಳಿ ತಲೆಯಾಡಿಸುತ್ತಿದ್ದೆ. ಸೆನ್ಸರಿನ ಅಂಕಿಯನ್ನೂ ಆ ಹೊಲಗಳನ್ನೂ ನನ್ನ ತಲೆ ಒಂದಕ್ಕೊಂದು ಕೂಡಿಸಲೇ ಇಲ್ಲ.

ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಸಿಂದಗಿ ಕಡೆ ಒಂದು ಹೊಲಕ್ಕೆ ಹೋಗಿದ್ದರು. ಅಲ್ಲಿ ಹಿಂದೆ ತಾವೇ ನೆಟ್ಟ ಎರಡು ಕಲ್ಲುಗಳ ನಡುವೆ ಸುಮ್ಮನೆ ನಡೆದು ನೋಡಿದ್ದಾರೆ. ಇನ್ನೂರು ಹೆಜ್ಜೆ ಬರಬೇಕಾದಲ್ಲಿ ಇನ್ನೂರಾ ಹದಿನಾರು ಬಂದಿದೆ. ಮತ್ತೆ ನಡೆದರು, ಅಷ್ಟೇ ಬಂತು. ಅವತ್ತು ಆ ಹೊಲದಲ್ಲಿ ಕಲ್ಲು ನೆಡದೆ ಬಸ್ಸು ಹತ್ತಿ, ನೇರ ನನ್ನ ಅಂಗಡಿಗೆ ಬಂದರು. ಬೂಟಿಗೆ ಮಣ್ಣು ಮೆತ್ತಿತ್ತು.

"ಖರೇ ಹೇಳು ತಮ್ಮಾ. ತಪ್ಪು ಬ್ಯಾಟರೀದೋ, ನಂದೋ?"

ಆಗಲಾದರೂ ಹೇಳಬಹುದಿತ್ತು. ಅವರ ಮುಖ ನೋಡಿದೆ. ಹೇಳಿದರೆ ಏಳು ಹೊಲಗಳ ಪಾಪ ನನ್ನ ತಲೆಗೆ ಬರುತ್ತದೆ ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ಹೆದರಿದೆ.

"ಬ್ಯಾಟರೀದ ರೀ ಕಾಕಾ," ಅಂದೆ.

ಅವರು ವಿಜಯಪುರದ ಡಾಕ್ಟರಿಗೆ ತೋರಿಸಿದರು. ಚೀಟಿ ಹಿಡಿದು ಕಾಕೂ ನನ್ನ ಅಂಗಡಿಗೇ ಬಂದರು. ಗುಳಿಗೆಯ ಹೆಸರು ಓದಿದ ಕೂಡಲೇ ತಿಳಿಯಿತು, ಕಂಪವಾತ. ಕೈ ನಡುಗುವ ಮೊದಲೇ ಹೆಜ್ಜೆ ಸಣ್ಣದಾಗುವುದು ಆ ಕಾಯಿಲೆಯ ಒಂದು ಗುರುತು. ಮೂರು ಸಲ ಕಾಯಿಲೆ ನನ್ನ ಕೌಂಟರಿಗೆ ಬಂದು ತನ್ನ ಹೆಸರು ಹೇಳಿತ್ತು. ಮೂರು ಸಲವೂ ನಾನು ಅದರ ಬಾಯಿ ಮುಚ್ಚಿ ಕಳಿಸಿದ್ದೆ.

ಯಾವಾಗ ಶುರುವಾಗಿರಬೇಕು ಎಂದು ಕಾಕಾ ಡಾಕ್ಟರನ್ನು ಕೇಳಿದ್ದರಂತೆ. ವರ್ಷವಾಗಿರಬಹುದು, ಎರಡು ವರ್ಷವೂ ಆಗಿರಬಹುದು ಅಂದರಂತೆ ಅವರು. ಕಾಕಾ ಎರಡು ವರ್ಷ ಎಂದೇ ಹಿಡಿದರು. ಎರಡು ವರ್ಷದಲ್ಲಿ ತಾವು ಅಳೆದ ಹೊಲಗಳು ಹತ್ತೊಂಬತ್ತು. ಹತ್ತೊಂಬತ್ತಕ್ಕೂ ಮತ್ತೆ ಹೋಗಿ ಟೇಪು ಹಿಡಿದು ನೋಡಬೇಕು ಎಂದು ನಿಶ್ಚಯ ಮಾಡಿದರು. ಹೆಜ್ಜೆಯ ಉದ್ದ ಯಾವ ದಿನ ಎಷ್ಟು ಕಡಿಮೆಯಾಯಿತೆಂಬುದು ತಾರೀಖಿನ ಸಮೇತ ಅವರದೇ ಫೋನಿನಲ್ಲಿತ್ತು. ನೋಡುವುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದನ್ನು ತೋರಿಸಿದ್ದರೆ ಏಳು ಹೊಲ ಸಾಕಾಗುತ್ತಿತ್ತು. ತೋರಿಸಲಿಲ್ಲ. ಬದಲಿಗೆ, "ನಾ ಬೈಕ್ ಮ್ಯಾಲ ಕರಕೊಂಡ ಹೋಗ್ತೇನಿ ಬರ್ರಿ ಕಾಕಾ," ಅಂದೆ. ಊರವರೆಲ್ಲ ನನ್ನನ್ನು ಹೊಗಳಿದರು.

ಮಳೆಗಾಲದ ಎರೆಮಣ್ಣಿನಲ್ಲಿ, ಅಂಟಿದ ಬೂಟು ಕಿತ್ತುಕೊಳ್ಳುತ್ತ, ಒಂದು ಕೈಯಲ್ಲಿ ಕೋಲು ಹಿಡಿದು ಅವರು ಹತ್ತೊಂಬತ್ತು ಹೊಲ ತಿರುಗಿದರು. ಇಂಡಿಯ ನಿಂಬೆಯ ತೋಟ, ಸಿಂದಗಿಯ ಹತ್ತಿ, ಬಾಗೇವಾಡಿಯ ತೊಗರಿ. ಎಲ್ಲ ಕಡೆಯೂ ಎರಡೂ ಹೊಲದವರನ್ನು ಕರೆಸಿ, ನಿಂತುಕೊಂಡೇ ಹೇಳುತ್ತಿದ್ದರು, "ನನ್ನ ಹೆಜ್ಜಿ ಕೆಟ್ಟದ. ನಾ ಹೇಳಿದ್ದು ತಪ್ಪಿರಬಹುದು. ಟೇಪು ಹಿಡದು ನೋಡೋಣ." ಆ ಮಾತು ಅವರ ಬಾಯಿಂದ ಹೊರಡುವಾಗ ನೋಡಲಾಗುತ್ತಿರಲಿಲ್ಲ. ನಲವತ್ತು ವರ್ಷ ಗಳಿಸಿದ್ದನ್ನು ಒಂದೊಂದು ಬದುವಿನ ಮೇಲೆ ಒಂದೊಂದು ಸಲ ತಾವೇ ಇಳಿಸಿಕೊಳ್ಳುತ್ತಿದ್ದರು.

ಹನ್ನೆರಡು ಹೊಲಗಳಲ್ಲಿ ಕಲ್ಲು ಗೇಣಿನಷ್ಟೂ ಸರಿದಿರಲಿಲ್ಲ. ಅಂಥಲ್ಲಿ ಟೇಪಿನ ಮೇಲೆ ಬಾಗಿ, ಕನ್ನಡಕ ಒರೆಸಿ ಮತ್ತೆ ನೋಡಿ, "ಇಲ್ಲಿ ನಾ ಸರಿ ಇದ್ದೆ ನೋಡು ತಮ್ಮಾ," ಅನ್ನುತ್ತಿದ್ದರು. ಹೌದ್ರಿ ಕಾಕಾ, ಅನ್ನುತ್ತಿದ್ದೆ. ಅಲ್ಲಿ ಸರಿಯಿದ್ದರೆಂದು ಬರುವ ಮೊದಲೇ ನನಗೆ ಗೊತ್ತಿರುತ್ತಿತ್ತು.

ಪ್ರತಿ ಹೊಲದಲ್ಲೂ ಒಂದು ಕಾಗದ ಬರೆಯುತ್ತಿದ್ದರು. ಅಕ್ಷರಗಳು ಸಾಲಿನ ಕೊನೆಗೆ ಹೋಗುತ್ತ ಸಣ್ಣವಾಗಿ ಸಾಸಿವೆಯಂತಾಗಿರುತ್ತಿದ್ದವು. ಹೊಸ ಅಳತೆ, ಎರಡೂ ಕಡೆಯವರ ಸಹಿ ಅಥವಾ ಹೆಬ್ಬೆಟ್ಟು, ಕೆಳಗೆ ಒಂದು ಸಾಲು: ಮೊದಲಿನ ಅಳತೆಯಲ್ಲಿ ತಪ್ಪು ಕಂಡಲ್ಲಿ ಅದು ಸಂಪೂರ್ಣ ನನ್ನದೇ. ಅದರ ಕೆಳಗೆ ಸಾಕ್ಷಿಯ ಸಹಿ. ಸಾಕ್ಷಿ ನಾನು. ಹತ್ತೊಂಬತ್ತು ಸಲವೂ ಸಹಿ ಮಾಡಿದೆ.

ತಪ್ಪಿದ ಏಳರಲ್ಲಿ ಆರು ಕಡೆ ಜನ ದೊಡ್ಡ ಮನಸ್ಸು ಮಾಡಿ ಕಲ್ಲು ಸರಿಸಿಕೊಂಡರು. ಉಳಿದದ್ದು ಮುದ್ದೇಬಿಹಾಳ ಕಡೆಯ ಹೊಲ. ಗಂಡನಿಲ್ಲದ ಹೆಣ್ಣುಮಗಳು, ಒಬ್ಬಳೇ ಒಕ್ಕಲುತನ ಮಾಡುವಾಕೆ. ಕಾಕಾ ಆಕೆಯ ಹೊಲದ ಅಂಚಿನ ಕಲ್ಲಿನಿಂದ ನಡೆದಿದ್ದರು. ಹೆಜ್ಜೆ ಸಣ್ಣದಾಗಿದ್ದರಿಂದ ಗಡಿಕಲ್ಲು ಆಕೆಯ ಹೊಲದೊಳಗೇ ಬಿದ್ದಿತ್ತು. ಹದಿನಾರು ಅಡಿ ಅಗಲದ ಪಟ್ಟಿ, ಹೊಲದ ಉದ್ದಕ್ಕೂ ಬಾಜೂದವನ ಪಾಲಾಗಿತ್ತು. ಆ ಪಟ್ಟಿಯಲ್ಲೇ ಆತ ಬೇಸಿಗೆಯಲ್ಲಿ ಬೋರ್ ಹೊಡೆಸಿದ್ದ.

"ನೀರು ಬಿದ್ದೈತ್ರಿ ಹಿರ್ಯಾರ. ಕಲ್ಲು ನೀವ ನೆಟ್ಟಿದ್ದು. ಈಗ ನಾ ಬೋರ್ ಕಿತ್ತು ಎಲ್ಲಿ ಇಡ್ಲಿ?" ಅಂದ ಆತ. ಅವನದೂ ಸುಳ್ಳಲ್ಲ.

ಕಾಕಾ ಅವನಿಗೂ ಕೈ ಮುಗಿದರು, ಆಕೆಗೂ ಮುಗಿದರು. "ಬಿಡ್ರಿ ಯಪ್ಪಾ, ಹೋಗ್ಲಿ," ಅಂದಳು ಆಕೆ. ನಾನು ದಾರಿಯ ಮೇಲೆ ಬೈಕಿನ ಹತ್ತಿರ ನಿಂತಿದ್ದೆ. ಆ ಕಲ್ಲು ನೆಟ್ಟದ್ದು ನಾನು ಮೊದಲ ಸಲ ಅಂಕಿ ತಿದ್ದಿಕೊಟ್ಟ ಮರುವಾರ.

ವಾಪಸ್ಸು ಬರುವಾಗ ಅವರು ನನ್ನ ಹೆಗಲು ಹಿಡಿದು ಕೂತಿದ್ದರು. "ಆಕಿ ಏನ ಅಂದ್ಕೊಂಡಿರಬೇಕೋ," ಎಂದು ನಿಡಗುಂದಿ ಬರುವವರೆಗೆ ಮೂರು ಸಲ ಕೇಳಿದರು.

ಆಮೇಲೆ ತೀರಿಕೊಳ್ಳುವವರೆಗಿನ ಒಂದು ವರ್ಷ ಅವರು ಯಾರ ಹೊಲವನ್ನೂ ಅಳೆಯಲಿಲ್ಲ. ರಸ್ತೆಯಲ್ಲಿ ಅವರ ತುಟಿ ಅಲುಗುವುದೂ ನಿಂತಿತು. ಅದನ್ನು ಕಂಡಾಗ ನನಗೆ ಅಳು ಬಂದಿದೆ. ಹೇಳಬೇಕೆಂದು ಎರಡು ಸಲ ಮನೆಗೆ ಹೋದೆ. ಒಮ್ಮೆ ಕಾಕೂ ಇದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ, ಕಾಕಾ ಕಿಟಕಿಯ ಹತ್ತಿರ ಕೂತು "ಹನ್ನೆರಡ ಹೊಲದಾಗ ಸರಿ ಇದ್ದೆನಲ್ಲೋ," ಎಂದು ಸಮಾಧಾನದಿಂದ ಮಾತಾಡುತ್ತಿದ್ದರು. ಆ ಸಮಾಧಾನ ಯಾಕೆ ಕೆಡಿಸಲಿ ಎಂದು ಎದ್ದುಬಂದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ ಆಗಲೂ ಹೆದರಿಕೆಯೇ.

ಅವರ ಹದಿಮೂರನೆಯ ದಿನದ ಊಟ ಮುಗಿಸಿ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ ಅಂಗಡಿ ತೆರೆಯದೆ ಮುದ್ದೇಬಿಹಾಳದ ದಾರಿ ಹಿಡಿದೆ. ಸತ್ತವರ ಹೆಸರಿನ ಮೇಲಿದ್ದ ತಪ್ಪನ್ನು ಇಳಿಸಬೇಕು, ಆಕೆಯಿಂದಲೇ ಶುರುಮಾಡಬೇಕು ಎಂದುಕೊಂಡಿದ್ದೆ. ಆಕೆ ತೊಗರಿಯ ಸಾಲಿನಲ್ಲಿ ಕೂತು ಕುರ್ಪಿಯಿಂದ ಕಸ ತೆಗೆಯುತ್ತಿದ್ದಳು. ನನ್ನನ್ನು ಗುರುತಿಸಿ ಎದ್ದು ಬಂದಳು. ಕಾಕಾ ಹೋದ ಸುದ್ದಿ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನೀವು ಕರಕೊಂಡ ಬಂದ ಮ್ಯಾಲ ಮತ್ತ ಎರಡ ಸಲಾ ಒಬ್ಬರೇ ಬಸ್ಸಿನ್ಯಾಗ ಬಂದಿದ್ರು ಯಪ್ಪಾರು. ಈ ಬದುವಿನ ಮ್ಯಾಲ ಕುಂತು, ನೀರು ಕುಡದು ಹೋಗೋರು. 'ನನ್ನ ಕಾಲು ನನಗ ಹೇಳಲಿಲ್ಲ ಯವ್ವಾ' ಅಂತಿದ್ರು."

ನನಗೆ ಇದು ಗೊತ್ತಿರಲಿಲ್ಲ. ಕಾಕೂಗೂ ಗೊತ್ತಿದ್ದಂತಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೂಟಿನ ಗುಂಡಿ, ಅದು ಹೇಳುತ್ತಿದ್ದ ಅಂಕಿ, ನಾನು ಮೂರು ಸಲ ತಿದ್ದಿದ್ದು, ಬ್ಯಾಟರಿ ಎಂದು ಸುಳ್ಳು ಹೇಳಿದ್ದು. ತಪ್ಪು ನನ್ನದು ಅಕ್ಕಾರ, ಅವರದಲ್ಲ ಅಂದೆ. ಆಕೆ ಕುರ್ಪಿಯ ಮಣ್ಣನ್ನು ಹೆಬ್ಬೆರಳಿನಿಂದ ತೆಗೆಯುತ್ತ ಪೂರ್ತಿ ಕೇಳಿಸಿಕೊಂಡಳು.

"ಅಂದ್ರ ಅವರ ಕಾಲು ಹೇಳಿತ್ತೇನ್ರಿ?"

"ಹೇಳಿತ್ತ್ರಿ."

"ಮತ್ತ ನನಗ್ಯಾಕ ಹೇಳಾಕ ಬಂದೀರಿ ಅಣ್ಣಾರ?" ಅಂದಳು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. "ಅವತ್ತ ಅವರು ನನಗ ಕೈ ಮುಗಿಯೂವಾಗ ನೀವು ಅಲ್ಲೇ ಇದ್ರಲ್ಲ."

ಮತ್ತೆ ಸಾಲಿನಲ್ಲಿ ಕೂತು ಕಸ ತೆಗೆಯತೊಡಗಿದಳು. ನಾನು ಬದು ದಾಟಿ ಬೈಕಿನ ಕಡೆ ನಡೆದೆ. ಆಕೆ ತಿರುಗಿ ನೋಡಲಿಲ್ಲ.